ಫ್ರಿಜ್ಜಿನ ಬಾಗಿಲ ಮೇಲಿನ ಲೀಗು

ಪಾಯಿಂಟ್ ಮಾವನಿಗೆ ಶನಿವಾರ ಬೆಳಿಗ್ಗೆ ಎದ್ದ ಕೂಡಲೇ ಬರುವ ಮೊದಲ ಚಿಂತೆ, ಎಸ್ಟೋನಿಯಾದಲ್ಲಿ ಹಿಮ ಬಿದ್ದಿದೆಯೋ ಇಲ್ಲವೋ ಅನ್ನುವುದು. ಅಡುಗೆಮನೆಯ ನಲ್ಲಿ ಮೂರು ವಾರದಿಂದ ತೊಟ್ಟಿಕ್ಕುತ್ತಿದೆ, ಬಚ್ಚಲಮನೆಯ ಚಿಲಕ ಎಳೆದರೆ ಕೈಗೇ ಬರುತ್ತದೆ. ಅವು ಯಾವುವೂ ಚಿಂತೆಯ ಪಟ್ಟಿಯಲ್ಲಿ ಇಲ್ಲ. ಪಾಪ, ಎಸ್ಟೋನಿಯಾದ ಮೈದಾನ ಒದ್ದೆಯಾದರೆ ಕೇಳುವವರು ಯಾರಿದ್ದಾರೆ? ಮುನ್ನೂರು ಜನ ಬರುವ ಪಂದ್ಯಕ್ಕೆ ನಮ್ಮ ಮಾವ ಮುನ್ನೂರ ಒಂದನೆಯವರು, ಅದೂ ಸಾವಿರಾರು ಮೈಲಿ ದೂರದಿಂದ, ಮಂಚದ ಮೇಲೆ ಕಾಲು ಚಾಚಿಕೊಂಡು.

ದೊಡ್ಡ ಲೀಗುಗಳ ಹೆಸರೆತ್ತಿದರೆ ಅವರಿಗೆ ಮೈಯೆಲ್ಲ ಉರಿ. ಇಂಗ್ಲೆಂಡು, ಸ್ಪೇನು ಅಂತ ಯಾರಾದರೂ ಬಾಯಿ ತೆರೆದರೆ, ಅದು ಸಂತೆ, ಆಟ ಅಲ್ಲ ಅಂತ ಮೂಗು ಮುರಿಯುತ್ತಾರೆ. ಅವರದು ಫೆರೋ ದ್ವೀಪಗಳು, ಎಸ್ಟೋನಿಯಾ, ಮಾಲ್ಟಾ, ಅಂಡೋರಾ, ಸ್ಯಾನ್ ಮರಿನೋ. ಭೂಪಟದಲ್ಲಿ ತೋರಿಸಿ ಅಂದರೆ ಇವುಗಳಲ್ಲಿ ಕೆಲವು ಬೆರಳಿಟ್ಟ ಕೂಡಲೇ ಪೂರ್ತಿ ಮುಚ್ಚಿಹೋಗುತ್ತವೆ. ತಂಡಗಳ ಹೆಸರು ನಾಲಿಗೆಯಲ್ಲಿ ಹೊರಳುವುದಿಲ್ಲ, ಆದ್ದರಿಂದ ಮಾವ ತಾವೇ ಹೆಸರಿಟ್ಟುಕೊಂಡಿದ್ದಾರೆ. ಮೀನು ಕಾರ್ಖಾನೆಯವರು, ಸೇತುವೆ ಪಕ್ಕದವರು, ಸುಣ್ಣದ ಗೋಡೆ ಬಣ್ಣದ ಅಂಗಿಯವರು, ಸೋತರೂ ನಗುವವರು. ಇವರಲ್ಲಿ ಮೀನು ಕಾರ್ಖಾನೆಯವರ ಮೇಲೆ ಮಾವನಿಗೆ ಹೆತ್ತ ಮಮತೆ. ಫೆರೋ ದ್ವೀಪದ ಆ ತಂಡದ ಗೋಲ್‌ಕೀಪರ್ ವಾರದ ದಿನಗಳಲ್ಲಿ ಮೀನು ಕತ್ತರಿಸುತ್ತಾನಂತೆ. ಅವನಿಗೆ ಬೆನ್ನುನೋವು ಬಂದ ವಾರ ಮಾವ ಸರಿಯಾಗಿ ಊಟ ಮಾಡಲಿಲ್ಲ.

ಮೆಟ್ಟಿಲ ಮೇಲೆ ಎದುರಾದವರಿಗೆಲ್ಲ ಯಾವುದೋ ದೇಶದ ಪಾಯಿಂಟ್ ಪಟ್ಟಿ ಒಪ್ಪಿಸುತ್ತಿದ್ದರಿಂದ ಕಟ್ಟಡದ ಮಕ್ಕಳು ಇಟ್ಟ ಹೆಸರು ಪಾಯಿಂಟ್ ಮಾವ. ದೊಡ್ಡವರು ಮೊದಮೊದಲು ಮಕ್ಕಳನ್ನು ಗದರಿದರು. ಆಮೇಲೆ ಅವರೂ ಹಾಗೇ ಕರೆಯತೊಡಗಿದರು. ಮಾವನಿಗೆ ಇದು ಬಿರುದು ಕೊಟ್ಟಷ್ಟು ಖುಷಿ. ಯಾರೂ ಕೇಳದಿದ್ದರೂ ಹೇಳುವುದು, ಕೇಳಿದರೆ ಇನ್ನೂ ಹೆಚ್ಚು ಹೇಳುವುದು, ಇಷ್ಟೇ ಅವರ ನಿಯಮ.

ಹೊಟ್ಟೆಪಾಡಿಗೆ ಅವರು ಹಲ್ಲು ಮಾಡುತ್ತಾರೆ. ಕೀಳುವುದಲ್ಲ, ಮಾಡುವುದು. ಔಷಧಿ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ, ಕಿಟಕಿ, ಮೇಜು, ಫ್ಯಾನಿನ ರೆಕ್ಕೆ, ಮಾವನ ಹುಬ್ಬು ಎಲ್ಲದರ ಮೇಲೂ ಪ್ಲಾಸ್ಟರಿನ ಬಿಳಿ ಪುಡಿ. ದಂತವೈದ್ಯರು ಕಳಿಸಿದ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಹೊಯ್ದು ದವಡೆ ತೆಗೆಯಬೇಕು. ಆ ದವಡೆಯ ಮೇಲೆ ಮೇಣ ಬಳಿದು, ಒಂದೊಂದೇ ಹಲ್ಲು ಕೂರಿಸಬೇಕು. ಈ ಕೆಲಸದಲ್ಲಿ ಮಾವನನ್ನು ಮೀರಿಸುವವರಿಲ್ಲ, ಅದನ್ನು ಒಪ್ಪಲೇಬೇಕು. ಅವರು ಮಾಡಿದ ಸೆಟ್ಟು ಹಾಕಿಕೊಂಡ ಮುದುಕರು ಕಡಲೆ ಅಗಿದು ತೋರಿಸಿ ಹೋಗಿದ್ದಾರೆ. ಮಗ್ಗುಲಲ್ಲಿ ಮೇಣದ ಕೆಲಸ ಮಾಡುವಾಕೆಗೆ ಅವರು ದಿನಕ್ಕೆ ಎರಡು ಸಲ ಹೇಳುವ ಮಾತು ಒಂದೇ. ಒಂದೊಂದು ಬಾಯಿಗೆ ಒಂದೊಂದು ಕಾನೂನು, ಅಚ್ಚು ನೋಡದೆ ಹಲ್ಲು ಕೂರಿಸಬೇಡ.

ಫುಟ್‌ಬಾಲಿನ ವಿಷಯದಲ್ಲೂ ಅದೇ ಪಾಠ. ಒಂದೊಂದು ಲೀಗಿಗೆ ಒಂದೊಂದು ಕಾನೂನು. ಎರಡು ತಂಡದ ಪಾಯಿಂಟ್ ಸಮ ಆಯಿತು ಅಂದುಕೊಳ್ಳಿ. ಕೆಲವು ಕಡೆ ಒಟ್ಟು ಹೊಡೆದ ಗೋಲಿನಲ್ಲಿ ತಿಂದ ಗೋಲು ಕಳೆದು ನೋಡುತ್ತಾರೆ, ಕೆಲವು ಕಡೆ ಆ ಎರಡು ತಂಡಗಳೇ ಆಡಿದಾಗ ಯಾರು ಗೆದ್ದಿದ್ದರು ಅಂತ ನೋಡುತ್ತಾರೆ. ಮೊದಲು ನಿಯಮ ಓದಬೇಕು, ಆಮೇಲೆ ಬಾಯಿ ಬಿಡಬೇಕು. ಈ ಉಪದೇಶವನ್ನು ಮೇಣದಾಕೆ ಎಷ್ಟು ಸಲ ಕೇಳಿದ್ದಾಳೆಂದರೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಮಾಲ್ಟಾದ ನಿಯಮ ಹೇಳಬಲ್ಲಳು.

ಮಾವನ ಹೆಂಡತಿ ಡ್ರೈವಿಂಗ್ ಶಾಲೆಯಲ್ಲಿ ಕಲಿಸುತ್ತಾರೆ. ಅವರ ಕಾರಿನಲ್ಲಿ ಕಲಿಯುವವರ ಕಾಲ ಕೆಳಗೊಂದು ಬ್ರೇಕು, ಪಕ್ಕದಲ್ಲಿ ಕೂತ ಇವರ ಕಾಲ ಕೆಳಗೊಂದು ಬ್ರೇಕು. ಮನೆಯಲ್ಲೂ ನನಗೊಂದು ಎರಡನೇ ಬ್ರೇಕ್ ಕೊಟ್ಟಿದ್ದರೆ ಈ ಮನುಷ್ಯನನ್ನು ಎಂದೋ ನಿಲ್ಲಿಸ್ತಿದ್ದೆ ಅಂತ ಅವರು ಬಂದವರ ಮುಂದೆಲ್ಲ ಹೇಳುತ್ತಾರೆ. ಮಾವ ಅದನ್ನು ಕಿವಿ ಮೇಲೆ ಹಾಕಿಕೊಳ್ಳುವುದಿಲ್ಲ. ಆ ಹೊತ್ತಿಗೆ ಎಲ್ಲೋ ಒಂದು ಕಾರ್ನರ್ ಕಿಕ್ ನಡೆದಿರುತ್ತದೆ.

ಇಷ್ಟೇ ಆಗಿದ್ದರೆ ಹೇಳುವುದಕ್ಕೆ ಕಥೆಯೇ ಇರುತ್ತಿರಲಿಲ್ಲ. ಯಾರ ಗಂಡನಿಗೆ ಯಾವ ಹುಚ್ಚಿಲ್ಲ? ಆದರೆ ಮಾವನಿಗೆ ಕಾಲೇಜು ಓದುವ ಒಬ್ಬಳೇ ಮಗಳಿದ್ದಾಳೆ, ಆ ಮಗಳು ಫುಟ್‌ಬಾಲ್ ಆಡುತ್ತಾಳೆ. ಸುಮ್ಮನೆ ಆಡುವುದಲ್ಲ, ತಂಡದ ನಾಯಕಿ, ಹಿಂದೆ ನಿಂತು ಗೋಲು ಕಾಯುವ ಡಿಫೆಂಡರು. ಊರಿನ ಹೆಣ್ಣುಮಕ್ಕಳ ಲೀಗಿನಲ್ಲಿ ಎಂಟು ತಂಡ, ಅದರಲ್ಲಿ ಇವಳದು ನೀರಿನ ಟ್ಯಾಂಕಿನ ತಂಡ. ಟ್ಯಾಂಕಿನ ಹಿಂದಿನ ಮೈದಾನ ಮನೆಯಿಂದ ನಡೆದರೆ ಐದು ನಿಮಿಷ. ಅಡುಗೆಮನೆಯ ಕಿಟಕಿಯಲ್ಲಿ ಕತ್ತು ಚಾಚಿದರೆ ಗೋಲ್‌ಪೋಸ್ಟಿನ ಒಂದು ಕಂಬ ಕಾಣುತ್ತದೆ. ಆರು ತಿಂಗಳಲ್ಲಿ ಮಗಳು ಹದಿಮೂರು ಪಂದ್ಯ ಆಡಿದ್ದಳು. ಮಾವ ನೋಡಿದ್ದು ಎಷ್ಟು? ಸೊನ್ನೆ. ಪಂದ್ಯಗಳೆಲ್ಲ ಭಾನುವಾರ, ಭಾನುವಾರ ಮಾವನಿಗೆ ಯೂರೋಪಿನ ಸಂಸಾರ. ಮುಂದಿನ ವಾರ ಖಂಡಿತ ಬರ್ತೀನಿ ಮಗಳೇ ಅನ್ನುತ್ತಿದ್ದರು. ಹಾಗೆ ಹದಿಮೂರು ಮುಂದಿನ ವಾರ ಕಳೆದವು. ಹಿತ್ತಲ ಗಿಡ ಮದ್ದಲ್ಲ ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ.

ಲೀಗು ಶುರುವಾದಾಗ ಅದರ ಕಾರ್ಯದರ್ಶಿ, ಹಾರ್ಡ್‌ವೇರ್ ಅಂಗಡಿಯವರು, ಆಟಗಾರರಿಗೆಲ್ಲ ಒಂದೊಂದು ಹಾಳೆ ಕೊಟ್ಟಿದ್ದರು. ಎಂಟು ತಂಡದ ಹೆಸರು, ಪಂದ್ಯದ ದಿನಾಂಕ, ಕೆಳಗೆ ಹತ್ತು ನಿಯಮ. ಮಗಳು ಅದನ್ನು ತಂದು ಫ್ರಿಜ್ಜಿನ ಬಾಗಿಲ ಮೇಲೆ, ದವಡೆಹಲ್ಲಿನ ಆಕಾರದ ಅಯಸ್ಕಾಂತ ಇಟ್ಟು ಅಂಟಿಸಿದಳು. ಮೂರನೇ ದಿನಕ್ಕೆ ಮಾವ ಅದರ ಮೇಲೆ ಫೆರೋ ದ್ವೀಪದ ವೇಳಾಪಟ್ಟಿ ಹಾಕಿದರು. ಅಯಸ್ಕಾಂತ ಇದ್ದದ್ದು ಒಂದೇ, ಏನು ಮಾಡುವುದು? ಫೆರೋ ಮೇಲೆ ಎಸ್ಟೋನಿಯಾ ಬಂತು, ಎಸ್ಟೋನಿಯಾ ಮೇಲೆ ಮಾಲ್ಟಾ ಕೂತಿತು, ಮಾಲ್ಟಾದ ಮೇಲೆ ಸ್ಯಾನ್ ಮರಿನೋ. ಮಗಳು ಎಲ್ಲವನ್ನೂ ನೋಡುತ್ತಿದ್ದಳು. ಹೆಂಡತಿ ಮಾತ್ರ, ಇನ್ನೆರಡು ದೇಶ ಸೇರಿದರೆ ಬಾಗಿಲು ಭಾರಕ್ಕೆ ಕಿತ್ತು ಬರುತ್ತೆ ಅಂದರು.

ಕೊನೆಯ ಪಂದ್ಯಕ್ಕೆ ಎರಡು ದಿನ ಇದ್ದಾಗ, ಶುಕ್ರವಾರ ಸಂಜೆ, ತಂಡದ ಕೋಚು ಮನೆಗೆ ಬಂದರು. ಅವರು ನಿವೃತ್ತ ಬಸ್ ಕಂಡಕ್ಟರು. ಮೂವತ್ತು ವರ್ಷ ಊದಿದ ಸೀಟಿಯನ್ನೇ ಈಗಲೂ ಕತ್ತಿಗೆ ಹಾಕಿಕೊಂಡು ಓಡಾಡುತ್ತಾರೆ. ಒಂದು ಸಲ ಊದಿದರೆ ಹುಡುಗಿಯರು ನಿಲ್ಲಬೇಕು, ಎರಡು ಸಲ ಊದಿದರೆ ಎಲ್ಲರೂ ಮುಂದೆ ನುಗ್ಗಬೇಕು. ಇಷ್ಟೇ ಅವರ ಯುದ್ಧತಂತ್ರ. ಅವರು ಕುರ್ಚಿಯ ಅಂಚಿನಲ್ಲಿ ಕೂತು ಸಂಕಟ ತೋಡಿಕೊಂಡರು.

ಸಂಕಟ ಇದು. ಎಂಟನೇ ಸ್ಥಾನಕ್ಕೆ ಬಂದ ತಂಡವನ್ನು ಲೀಗಿನಿಂದ ತೆಗೆಯುತ್ತಾರೆ. ಕೆಳಗೆ ಇನ್ನೊಂದು ಲೀಗು ಇಲ್ಲ, ಹೊರಗೆ ಅಂದರೆ ಹೊರಗೇ. ಮೈದಾನದಲ್ಲಿ ಅಭ್ಯಾಸ ಮಾಡುವ ಸಮಯವೂ ಹೋಗುತ್ತದೆ, ಅದನ್ನು ಕಾಯುತ್ತಿರುವ ಬೇರೆ ತಂಡಕ್ಕೆ ಕೊಡುತ್ತಾರೆ. ಮೈದಾನ ಇಲ್ಲದ ತಂಡ ಎಷ್ಟು ದಿನ ಇದ್ದೀತು? ಈಗ ಟ್ಯಾಂಕಿನವರಿಗೆ ಹನ್ನೆರಡು ಪಾಯಿಂಟು, ಅವರ ಕೆಳಗೆ ಹಾಲಿನ ಡೈರಿಯ ತಂಡಕ್ಕೆ ಹತ್ತು. ಭಾನುವಾರ ಡೈರಿಯವರು ಆಡುವುದು ಆಸ್ಪತ್ರೆಯ ತಂಡದ ಮೇಲೆ. ಆಸ್ಪತ್ರೆಯವರಲ್ಲಿ ಅರ್ಧ ಜನಕ್ಕೆ ಆ ದಿನ ಡ್ಯೂಟಿ, ಆದ್ದರಿಂದ ಡೈರಿ ಗೆಲ್ಲುವುದು ಗ್ಯಾರಂಟಿ, ಹದಿಮೂರಾಗುತ್ತದೆ. ಟ್ಯಾಂಕಿನವರು ಬ್ಯಾಂಕಿನ ತಂಡದ ಮೇಲೆ ಗೆದ್ದರೆ ಹದಿನೈದು, ಬಚಾವು. ಸೋತರೆ ಮನೆಗೆ. ಡ್ರಾ ಆದರೆ ಇವರದೂ ಹದಿಮೂರು, ಅವರದೂ ಹದಿಮೂರು. ಆಗ ಏನು? ಕಂಡಕ್ಟರಿಗೆ ಅದೇನೋ ಗೋಲಿನ ಲೆಕ್ಕ ಅಂತ ಮಸುಕು ನೆನಪು, ಆದರೆ ಅವರ ಹಾಳೆ ಅಂಗಿಯ ಜೇಬಿನಲ್ಲೇ ಉಳಿದು ಒಗೆಯಲು ಹೋಗಿ ಉಂಡೆಯಾಗಿತ್ತು.

ಕೆಳಗೆ ಬೀಳುವುದು, ಉಳಿಯುವುದು, ಈ ವಿದ್ಯೆಯಲ್ಲಿ ನಿಮಗಿಂತ ಬಲ್ಲವರು ಈ ಊರಲ್ಲೇ ಇಲ್ಲ, ಭಾನುವಾರ ನನ್ನ ಪಕ್ಕ ಕೂತು ಸಲಹೆ ಕೊಡಿ ಅಂತ ಅವರು ಕೈ ಜೋಡಿಸಿದರು. ಅಬ್ಬಬ್ಬಾ, ಮಾವನ ಮುಖ ನೋಡಬೇಕಿತ್ತು. ಹತ್ತು ವರ್ಷದ ತಪಸ್ಸಿಗೆ ಮೊದಲ ಸಲ ಯಾರೋ ಬಾಗಿಲು ತಟ್ಟಿ ಬಂದಿದ್ದರು. ಫೆರೋ ದ್ವೀಪದ ಪಂದ್ಯ ಸಂಜೆಗೆ ಇರೋದರಿಂದ ಮಧ್ಯಾಹ್ನ ಬರಬಹುದು ಅಂತ ಗಂಭೀರವಾಗಿ ಯೋಚಿಸಿ ಒಪ್ಪಿಗೆ ಕೊಟ್ಟರು. ನಿಯಮ ನಾನು ನೋಡ್ತೀನಿ ಬಿಡಿ ಅಂತಲೂ ಸೇರಿಸಿದರು. ಬಾಗಿಲ ಹತ್ತಿರ ನಿಂತಿದ್ದ ಮಗಳ ಮುಖ ಅರಳಿತು. ಅಪ್ಪ ಬರುತ್ತಾರೆ ಅಂತ ಅವಳು ಆ ಸಂಜೆಯೇ ಹತ್ತು ಜನಕ್ಕೆ ಫೋನು ಮಾಡಿ ಹೇಳಿದಳು.

ನಿಯಮ ನೋಡುವುದಕ್ಕೆ ಇಡೀ ಶನಿವಾರ ಇತ್ತು. ಮಾವ ಎಷ್ಟು ಬ್ಯುಸಿ ಅಂದರೆ! ಎಸ್ಟೋನಿಯಾದಲ್ಲಿ ಹಿಮ ಬಿದ್ದು ಪಂದ್ಯ ಮುಂದಕ್ಕೆ ಹೋಯಿತು, ಆ ದುಃಖ ಒಂದು ಗಂಟೆ. ಸ್ಯಾನ್ ಮರಿನೋದಲ್ಲಿ ಸೋತರೂ ನಗುವವರು ಮತ್ತೆ ಸೋತರು, ನಕ್ಕರೋ ಇಲ್ಲವೋ ಚಿಕ್ಕ ಪರದೆಯಲ್ಲಿ ಕಾಣಲಿಲ್ಲ. ಮಾಲ್ಟಾದ ಪಂದ್ಯ ಎಲ್ಲೂ ಬರುತ್ತಿರಲಿಲ್ಲ. ಆದ್ದರಿಂದ ಫೋನಿನಲ್ಲಿ ಸ್ಕೋರಿನ ಪುಟ ಮತ್ತೆ ಮತ್ತೆ ತೆರೆದು ಬರೀ ಅಂಕಿ ಬದಲಾಗುವುದನ್ನೇ ಎರಡು ಗಂಟೆ ನೋಡಿದರು. ನಡುವೆ ಏಳು ಸಲ ಫ್ರಿಜ್ಜಿನ ಬಾಗಿಲು ತೆಗೆದು ನೀರು ಕುಡಿದರು. ಏಳು ಸಲವೂ ನಿಯಮದ ಹಾಳೆ ಅವರ ಮೂಗಿನಿಂದ ಒಂದು ಗೇಣು ದೂರದಲ್ಲಿ, ನಾಲ್ಕು ದೇಶದ ಕೆಳಗೆ ಇತ್ತು.

ಭಾನುವಾರ ಬೆಳಿಗ್ಗೆ ತಿಂಡಿ ತಿನ್ನುವಾಗ ಮಗಳು ಕೇಳಿಯೇಬಿಟ್ಟಳು, ಡ್ರಾ ಆದರೆ ಏನಾಗುತ್ತೆ ಅಂತ. ಮಾವ ಅವಳ ನೋಟ್‌ಬುಕ್ ತರಿಸಿಕೊಂಡರು. ಆರು ತಿಂಗಳ ಫಲಿತಾಂಶವೆಲ್ಲ ಅದರಲ್ಲಿತ್ತು. ಮೊದಲ ಸಲ ಅದರ ಮೇಲೆ ಕಣ್ಣಾಡಿಸಿದರು. ಡೈರಿಯ ಮೇಲೆ ಟ್ಯಾಂಕಿನವರು ಒಂದು ಸಲ ಎರಡು ಗೋಲಿಗೆ ಸೊನ್ನೆಯಲ್ಲಿ ಗೆದ್ದಿದ್ದರು, ಇನ್ನೊಂದು ಸಲ ಒಂದೊಂದು ಗೋಲಿನ ಡ್ರಾ. ಅಷ್ಟು ಸಾಕಾಯಿತು. ಅಂಡೋರಾದಿಂದ ಆರಂಭಿಸಿ ಒಂದು ಪ್ರವಚನವೇ ನಡೆಯಿತು. ಪಾಯಿಂಟ್ ಸಮ ಆದಾಗ ಪರಸ್ಪರ ಆಡಿದ ಪಂದ್ಯ ನೋಡುತ್ತಾರೆ, ಅದರಲ್ಲಿ ನೀವೇ ಮೇಲು, ಆದ್ದರಿಂದ ಡ್ರಾ ಸಾಕು ಅಂತ ತೀರ್ಪು ಕೊಟ್ಟರು. ಗೋಲಿನ ವ್ಯತ್ಯಾಸ ಅಂತ ಎಲ್ಲೋ ಓದಿದ ನೆನಪು ಅಂತ ಮಗಳು ಮೆಲ್ಲಗೆ ಅಂದಳು. ಮಾವ ನಕ್ಕರು. ಗೊತ್ತಿಲ್ಲದವರು ಹೇಳಿದ್ದಕ್ಕೆ ತಿಳಿದವರು ನಗುತ್ತಾರಲ್ಲ, ಆ ನಗು.

ಹೆಂಡತಿ ಕಾರಿನ ಕೀ ಹುಡುಕುತ್ತ, ಆ ನಿಯಮ ಎಲ್ಲಿ ಬರೆದಿದೆ ಅಂತ ಕೇಳಿದರು. ಮಾವ ಬೆರಳಿನಿಂದ ತಮ್ಮ ಹಣೆ ತಟ್ಟಿ ತೋರಿಸಿದರು.

ಹಾಗೆ ನೋಡಿದರೆ ನೋಟ್‌ಬುಕ್ಕಿನ ಇನ್ನೊಂದು ಸಾಲನ್ನೂ ಅವರು ನೋಡಬಹುದಿತ್ತು. ಎರಡು ತಿಂಗಳ ಹಿಂದೆ ಗೋಲ್‌ಕೀಪರ್ ಹುಡುಗಿಯ ಮಣಿಕಟ್ಟು ಉಳುಕಿ, ಬೇರೆ ಯಾರೋ ಗೋಲಿನಲ್ಲಿ ನಿಂತ ದಿನ, ಟ್ಯಾಂಕಿನವರು ಏಳು ಗೋಲು ತಿಂದಿದ್ದರು. ಆ ಒಂದು ದಿನದ ಗಾಯ ಗೋಲಿನ ಲೆಕ್ಕದಲ್ಲಿ ಇನ್ನೂ ಮಾಸಿರಲಿಲ್ಲ. ಹೊಡೆದದ್ದಕ್ಕಿಂತ ತಿಂದದ್ದು ಹದಿಮೂರು ಹೆಚ್ಚು. ಡೈರಿಯವರಿಗೆ ಒಂಬತ್ತೇ ಹೆಚ್ಚು. ಮೇಣದಾಕೆ ಅಲ್ಲಿದ್ದಿದ್ದರೆ, ಅಚ್ಚು ನೋಡಿದಿರಾ ಅಂತ ಕೇಳುತ್ತಿದ್ದಳೋ ಏನೋ. ಅವಳಿಗೆ ಭಾನುವಾರ ರಜಾ.

ಮೈದಾನದಲ್ಲಿ ಮಾವನಿಗೆ ಸಿಕ್ಕ ಸ್ವಾಗತ ಯಾವ ಮಂತ್ರಿಗೂ ಕಮ್ಮಿ ಇರಲಿಲ್ಲ. ನೆಲಕ್ಕೆ ಹೂತ ಹಳೇ ಟೈರುಗಳೇ ಕುರ್ಚಿ, ಆದರೆ ಕಂಡಕ್ಟರು ಇವರಿಗಾಗಿ ಟೀ ಅಂಗಡಿಯಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿದ್ದರು. ಮಗಳು ಗೆಳತಿಯರನ್ನು ಒಬ್ಬೊಬ್ಬರಾಗಿ ಕರೆತಂದು, ಇವರೇ ನಮ್ಮಪ್ಪ ಅಂತ ಹೇಳಿದಳು. ಔಷಧಿ ಅಂಗಡಿಯಲ್ಲಿ ಬಿಲ್ಲು ಬರೆಯುವ ಹುಡುಗಿಯೇ ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವಳು, ಬಲಗಡೆಯ ಫಾರ್ವರ್ಡು. ದಿನಾ ಮೆಟ್ಟಿಲು ಹತ್ತುವಾಗ ನೋಡ್ತೀನಿ ಅಂಕಲ್, ನೀವು ಇವಳಪ್ಪ ಅಂತ ಗೊತ್ತೇ ಇರಲಿಲ್ಲ ಅಂದಳು. ಮಾವನಿಗೆ ಒಂದು ಕ್ಷಣ ಎಲ್ಲೋ ಚುಚ್ಚಿತು. ಆಮೇಲೆ ಮಾಲ್ಟಾದ ಸ್ಕೋರು ನೋಡಿ ಸಮಾಧಾನ ಮಾಡಿಕೊಂಡರು.

ಆಟ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಬ್ಯಾಂಕಿನವರು ಒಂದು ಗೋಲು ಹೊಡೆದರು. ಮಾವ ಅದರ ಕಾರಣಗಳನ್ನು ಕಂಡಕ್ಟರಿಗೆ ವಿವರವಾಗಿ ತಿಳಿಸಿದರು. ಕಂಡಕ್ಟರು ಎರಡು ಸಲ ಸೀಟಿ ಊದಿದರು, ಹುಡುಗಿಯರು ನುಗ್ಗಿದರು, ಮತ್ತೆ ಊದಿದರು, ಮತ್ತೆ ನುಗ್ಗಿದರು. ದ್ವಿತೀಯಾರ್ಧದ ಹತ್ತನೇ ನಿಮಿಷ ಒಂದು ಕಾರ್ನರ್ ಬಂತು. ಹಿಂದಿನಿಂದ ಓಡಿಬಂದ ಮಗಳು ಎಲ್ಲರಿಗಿಂತ ಮೇಲೆ ಜಿಗಿದು, ತಲೆಯಿಂದ ಚೆಂಡನ್ನು ಬಲೆಯೊಳಕ್ಕೆ ತಳ್ಳಿದಳು.

ಮಾವನ ಕುರ್ಚಿ ಹಿಂದಕ್ಕೆ ಬಿತ್ತು. ತಾವು ಎದ್ದು ನಿಂತದ್ದೂ, ಕಿರುಚಿದ್ದೂ ಅವರಿಗೇ ಗೊತ್ತಾಗಲಿಲ್ಲ. ಹತ್ತು ವರ್ಷದಲ್ಲಿ ಎಷ್ಟು ಸಾವಿರ ಗೋಲು ನೋಡಿದ್ದರೋ, ಒಂದಕ್ಕೂ ಮಂಚದಿಂದ ಎದ್ದವರಲ್ಲ. ಅವಳು ಮೊಣಕಾಲಿನ ಮಣ್ಣು ಒರೆಸಿಕೊಂಡು, ಮೊದಲು ತಿರುಗಿ ನೋಡಿದ್ದು ಇವರ ಕಡೆಗೆ. ಇದನ್ನು ಬಿಟ್ಟು ನಾನು ಏನನ್ನು ನೋಡುತ್ತಿದ್ದೆ ಅಂತ ಮಾವನಿಗೆ ನಿಜವಾಗಿ ಅನ್ನಿಸಿತು. ಅನ್ನಿಸಿದ್ದು ಒಳ್ಳೆಯದೇ. ಅಲ್ಲಿಗೆ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಇನ್ನೂ ಒಳ್ಳೆಯದಿತ್ತು.

ಇನ್ನು ಇಪ್ಪತ್ತು ನಿಮಿಷ ಇದೆ ಅನ್ನುವಾಗ ಆ ಕಡೆಯ ಮೈದಾನದಿಂದ ಫೋನ್ ಬಂತು. ಡೈರಿಯವರು ಎರಡು ಸೊನ್ನೆಯಲ್ಲಿ ಮುಂದಿದ್ದಾರಂತೆ. ಕಂಡಕ್ಟರು ಸೀಟಿ ಬಾಯಿಗಿಟ್ಟರು, ಎರಡು ಸಲ ಊದುವುದಕ್ಕೆ. ಮಾವ ಅವರ ಕೈ ಹಿಡಿದರು. ಡ್ರಾ ಸಾಕು ಅಂದಮೇಲೆ ಯಾಕೆ ನುಗ್ಗಬೇಕು, ನುಗ್ಗಿ ಯಾಕೆ ಗೋಲು ತಿನ್ನಬೇಕು? ಇಂಥ ಹೊತ್ತಿನಲ್ಲಿ ಆಸೆಪಟ್ಟು ಮುಳುಗಿದ ತಂಡಗಳ ಪಟ್ಟಿ ನನ್ನ ಹತ್ತಿರ ಇದೆ ಅಂದರು. ಬಲಗಡೆಯ ಆ ಓಟಗಾತಿಯನ್ನು ಹೊರಗೆ ಕರೆಯಿರಿ, ಇನ್ನೊಬ್ಬ ಡಿಫೆಂಡರ್ ಹುಡುಗಿಯನ್ನು ಇಳಿಸಿ ಅಂದರು. ಕಂಡಕ್ಟರಿಗೆ ಮನಸ್ಸಿರಲಿಲ್ಲ. ಮೂವತ್ತು ವರ್ಷ ಬಸ್ಸು ಹೊರಡಿಸಿದ ಮನುಷ್ಯ, ನಿಲ್ಲಿಸಿಕೊಂಡೇ ಇರುವುದು ಅವರಿಗೆ ಒಗ್ಗದ ಕೆಲಸ. ಆದರೂ ಬಲ್ಲವರ ಮಾತು ಅಂತ ಒಂದೇ ಸಲ ಊದಿದರು.

ಮಗಳು ಗೆರೆಯ ಹತ್ತಿರ ಓಡಿಬಂದಳು. ಬೆವರು ಕಣ್ಣಿಗೆ ಇಳಿಯುತ್ತಿತ್ತು.

"ಖಂಡಿತಾನಾ ಅಪ್ಪಾ?"

"ಕಣ್ಣು ಮುಚ್ಚಿಕೊಂಡು ಹೇಳ್ತೀನಿ," ಅಂದರು ಮಾವ. "ಡ್ರಾ ಸಾಕು."

ಅವಳು ಬೆವರು ಒರೆಸಿಕೊಂಡಳು. ಆಮೇಲೆ ತಲೆಯಾಡಿಸಿ ಹಿಂದಕ್ಕೆ ಹೋಗಿ, ಎಲ್ಲರನ್ನೂ ಗೋಲಿನ ಮುಂದೆ ಗೋಡೆ ಹಾಗೆ ನಿಲ್ಲಿಸಿದಳು. ಬ್ಯಾಂಕಿನವರಿಗೂ ಗೆಲ್ಲಲೇಬೇಕು ಅನ್ನುವ ದರ್ದು ಇರಲಿಲ್ಲ, ಚೆಂಡನ್ನು ತಮ್ಮತಮ್ಮಲ್ಲೇ ಹಂಚಿಕೊಂಡು ಕಾಲ ಕಳೆದರು. ಕೊನೆಯ ನಿಮಿಷದಲ್ಲಿ ಅವರಲ್ಲೊಬ್ಬಳು ಎಡವಿದಳು, ಚೆಂಡು ಉರುಳಿ ಮಗಳ ಕಾಲಿಗೇ ಬಂತು. ಎದುರಿಗೆ ಅರ್ಧ ಮೈದಾನ ಖಾಲಿ. ದೂರದಲ್ಲಿ ಗೋಲ್‌ಕೀಪರ್ ಒಬ್ಬಳೇ, ಅವಳೂ ಮುಂದಕ್ಕೆ ಬಂದು ನಿಂತಿದ್ದಾಳೆ. ಮಗಳು ಎರಡು ಹೆಜ್ಜೆ ಓಡಿದಳು, ತಲೆಯೆತ್ತಿ ಅಪ್ಪನ ಕಡೆ ನೋಡಿದಳು. ಮಾವ ಎರಡೂ ಅಂಗೈ ಕೆಳಗೆ ಮಾಡಿ, ಬೇಡ, ನಿಧಾನ ಅಂತ ಸನ್ನೆ ಮಾಡಿದರು. ಅವಳು ಚೆಂಡನ್ನು ಜೋರಾಗಿ ಗೆರೆಯಾಚೆ ಒದ್ದಳು. ಅದು ಟ್ಯಾಂಕಿನ ಗೋಡೆಗೆ ಬಡಿದು ಚರಂಡಿಗೆ ಬಿತ್ತು. ರೆಫರಿ ಆಟ ಮುಗಿಸಿದರು.

ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಓಡಿಬಂದು ಮಾವನ ಕೈ ಕುಲುಕಿದರು. ಓಟಗಾತಿಯೂ ಬಂದು ಕುಲುಕಿದಳು, ಹೊರಗೆ ಕೂರಿಸಿದ್ದಕ್ಕೆ ಅವಳಿಗೆ ಬೇಜಾರೇನೂ ಇರಲಿಲ್ಲ. ಮಾವ ವಿನಯದಿಂದ, ಇದರಲ್ಲಿ ನನ್ನದೇನಿಲ್ಲ ಅಂದರು. ಅವರ ಬಾಯಿಂದ ಆ ಇಡೀ ದಿನ ಬಂದ ಸುಳ್ಳುಗಳಲ್ಲಿ ಅದೇ ದೊಡ್ಡದು.

ಹತ್ತು ನಿಮಿಷಕ್ಕೆ ಹಾರ್ಡ್‌ವೇರ್ ಅಂಗಡಿಯವರು ಸ್ಕೂಟರಿನಲ್ಲಿ ಬಂದಿಳಿದರು. ಡೈರಿಯವರು ಮೂರು ಸೊನ್ನೆಯಲ್ಲಿ ಗೆದ್ದರು ಅಂತ ತಿಳಿಸಿದರು. ಆಮೇಲೆ ಕುಣಿಯುತ್ತಿದ್ದ ಹುಡುಗಿಯರನ್ನು ನೋಡಿ ಅವರಿಗೆ ಗಲಿಬಿಲಿಯಾಯಿತು. ಪಾಪ, ಇನ್ನೊಂದು ಗೋಲು ಬಿದ್ದಿದ್ದರೆ ಉಳೀತಿದ್ದಿರಿ ಅಂತ ಕಂಡಕ್ಟರ ಭುಜ ತಟ್ಟಿದರು. ಮಾವ ನಡುವೆ ಬಂದು, ಹಾಗಲ್ಲ, ಪರಸ್ಪರ ಪಂದ್ಯದಲ್ಲಿ ನಾವೇ ಮೇಲು ಅಂತ ಅಂಡೋರಾದಿಂದ ಆರಂಭಿಸಿದರು. ಅಂಗಡಿಯವರು ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡರು.

"ಸ್ವಾಮಿ, ನೀವು ಹೇಳೋ ದೇಶ ನನಗೆ ಗೊತ್ತಿಲ್ಲ," ಅಂದರು. "ನಮ್ಮಲ್ಲಿ ಗೋಲಿನ ವ್ಯತ್ಯಾಸ. ಏಳನೇ ನಿಯಮ. ಆರು ತಿಂಗಳ ಹಿಂದೆ ಎಲ್ಲರ ಮನೆಗೂ ಹಾಳೆ ಕೊಟ್ಟಿದ್ದೀನಿ."

ಕುಣಿತ ಒಂದು ಕಡೆಯಿಂದ ನಿಲ್ಲುತ್ತ ಬಂತು. ಹೇಗಾಯ್ತು, ಯಾರು ಹೇಳಿದ್ದು ಅಂತ ಯಾರೋ ಕೇಳಿದರು. ಒಬ್ಬರಾದರೂ ಬೈದಿದ್ದರೆ ಮಾವನಿಗೆ ಉಸಿರಾಡಲು ಜಾಗ ಸಿಗುತ್ತಿತ್ತು. ಹುಡುಗಿಯರು ಸುಮ್ಮನೆ ಬೂಟು ಬಿಚ್ಚಿದರು. ಗೋಲ್‌ಕೀಪರ್ ಹುಡುಗಿ ಟೈರಿನ ಮೇಲೆ ಕೂತು ಅತ್ತಳು. ಏಳು ಗೋಲು ತಿಂದ ದಿನ ನಾನಿದ್ದಿದ್ದರೆ ಅಂತ ತಪ್ಪನ್ನೆಲ್ಲ ತನ್ನ ಮಣಿಕಟ್ಟಿನ ಮೇಲೆ ಹಾಕಿಕೊಂಡಳು. ಅವಳ ತಲೆ ನೇವರಿಸುತ್ತ ಕೂತ ಮಗಳು ಅಪ್ಪನ ಹೆಸರು ಎತ್ತಲಿಲ್ಲ. ಕಂಡಕ್ಟರು ಕತ್ತಿನಿಂದ ಸೀಟಿ ತೆಗೆದು, ದಾರ ಸುತ್ತಿ ಜೇಬಿಗೆ ಹಾಕಿಕೊಂಡರು. ಟೀ ಅಂಗಡಿಯವನು ಬಂದು ತನ್ನ ಕುರ್ಚಿ ತೆಗೆದುಕೊಂಡು ಹೋದ.

ಹುಡುಗಿಯರನ್ನೆಲ್ಲ ಕಳಿಸಿ ಹೊರಡುವಾಗ ರಾತ್ರಿಯಾಗಿತ್ತು. ಐದು ನಿಮಿಷದ ದಾರಿ. ಆಟದಲ್ಲಿ ಒದೆ ತಿಂದು ಮಗಳ ಕಾಲು ಊದಿದ್ದರಿಂದ ಹೆಂಡತಿ ಕಾರು ತಂದಿದ್ದರು. ಮನೆ ಮುಂದೆ ನಿಲ್ಲಿಸಿದಾಗ ಮಾತ್ರ, ಮಾವ ಇಳಿಯುವ ಮೊದಲು, ಅವರು ಒಂದು ಮಾತು ಕೇಳಿದರು.

"ಓದಿದ ನೆನಪಿದೆ ಅಂತ ಬೆಳಿಗ್ಗೆ ಅವಳೇ ಹೇಳಿದಳಲ್ಲ, ಕೇಳಿಸಲಿಲ್ವಾ?"

ಹಿಂದಿನ ಸೀಟಿನಿಂದ ಮಗಳೇ ಉತ್ತರ ಕೊಟ್ಟಳು. ಬಿಡಮ್ಮಾ, ನನಗೂ ಗಟ್ಟಿಯಾಗಿ ಗೊತ್ತಿರಲಿಲ್ಲ, ಅಪ್ಪ ಬಂದಿದ್ದೇ ಮೊದಲನೇ ಸಲ, ವಾದ ಮಾಡೋದು ಬೇಡ ಅನ್ನಿಸಿತು ಅಂದಳು. ಹೇಳುವಾಗ ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಕುಂಟುತ್ತ ಒಳಗೆ ಹೋದಳು.

ಮಾವ ನೇರ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಮುಂದೆ ನಿಂತರು. ಹಲ್ಲಿನ ಅಯಸ್ಕಾಂತ ಕಿತ್ತರು. ಸ್ಯಾನ್ ಮರಿನೋ ತೆಗೆದರು, ಮಾಲ್ಟಾ ತೆಗೆದರು, ಎಸ್ಟೋನಿಯಾ ತೆಗೆದರು, ಫೆರೋ ತೆಗೆದರು. ಎಲ್ಲದರ ಕೆಳಗೆ ಆ ಹಾಳೆ, ಬೆಳಕು ಬೀಳದೆ ಇದ್ದದ್ದರಿಂದ ಹೊಸದರ ಹಾಗೆ ಬೆಳ್ಳಗಿತ್ತು. ಏಳನೇ ನಿಯಮ ಒಂದೇ ಸಾಲು. ಪಾಯಿಂಟ್ ಸಮವಾದಲ್ಲಿ ಗೋಲಿನ ವ್ಯತ್ಯಾಸವನ್ನು ಪರಿಗಣಿಸಲಾಗುವುದು. ಹಾಳೆಯ ನೆತ್ತಿಯಲ್ಲಿ ನೀಲಿ ಪೆನ್ನಿನಲ್ಲಿ ಮಗಳ ಕೈಬರಹ ಇತ್ತು. ಅಪ್ಪಾ, ಇದು ನಿನಗೆ.

ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಎಷ್ಟು ದಿನದ ಅಭ್ಯಾಸ, ಕೈ ತಾನಾಗಿಯೇ ಅದನ್ನು ತೆಗೆದು ಮುಖದ ಮುಂದೆ ಹಿಡಿಯಿತು. ಫೆರೋ ದ್ವೀಪದ ಕೊನೆಯ ಪಂದ್ಯವೂ ಮುಗಿದಿತ್ತು.

ಕಾಲಿಗೆ ಮಂಜುಗಡ್ಡೆ ಬೇಕು ಅಂತ ಮಗಳು ಒಳಗೆ ಬಂದಳು. ಅಪ್ಪನ ಎಡಗೈಯಲ್ಲಿ ಹಾಳೆ, ಬಲಗೈಯಲ್ಲಿ ಫೋನು. ಎರಡನ್ನೂ ನೋಡಿದಳು.

"ಮೀನು ಕಾರ್ಖಾನೆಯವರು ಏನಾದರು?"

ಮಾವ ಫೋನು ಜೇಬಿಗೆ ಹಾಕಿದರು. "ಉಳಿದರು," ಅಂದರು.

"ಗೆದ್ದು?"

"ಇಲ್ಲ. ಡ್ರಾ. ಇನ್ನೊಂದು ತಂಡದ್ದೂ ಅಷ್ಟೇ ಪಾಯಿಂಟು. ಇವರದು..." ಮಾವ ನಿಲ್ಲಿಸಿದರು. "ಗೋಲಿನ ವ್ಯತ್ಯಾಸದಲ್ಲಿ ಉಳಿದರು."

"ಒಳ್ಳೇದಾಯ್ತು," ಅಂದಳು ಮಗಳು. ಫ್ರಿಜ್ಜು ತೆಗೆದು ಮಂಜುಗಡ್ಡೆಯ ತಟ್ಟೆ ಎಳೆದುಕೊಂಡಳು. "ನಿನಗೆ ಯಾರೂ ನೋಡದ ಚಿಕ್ಕ ಲೀಗು ಇಷ್ಟ ಅಂತಲೇ ಆ ಹಾಳೆ ಅಲ್ಲಿ ಹಾಕಿದ್ದೆ ಅಪ್ಪಾ. ನಮ್ಮದಕ್ಕಿಂತ ಚಿಕ್ಕದು ಇನ್ನೆಲ್ಲಿ ಸಿಗುತ್ತೆ ನಿನಗೆ?"

ಬಾಗಿಲು ಮುಚ್ಚಿ, ಕುಂಟುತ್ತ ತನ್ನ ಕೋಣೆಗೆ ಹೋದಳು. ಮಾವ ಆ ಹಾಳೆಯನ್ನು ಮತ್ತೆ ಬಾಗಿಲಿಗೆ ಇಟ್ಟು ಅಯಸ್ಕಾಂತ ಒತ್ತಿದರು. ಹದಿನಾಲ್ಕು ದಿನಾಂಕ ಇದ್ದವು, ಹದಿನಾಲ್ಕೂ ಮುಗಿದಿದ್ದವು.